ಅತ್ತೆಯ ಒಪ್ಪಿಗೆ

ನಮ್ಮ ಬೀದಿಗೆ ಬರುವ ನರ್ಸಮ್ಮನ ಮೇಲೆ ನಾನು ಮೊದಲಿನಿಂದಲೂ ಒಂದು ಕಣ್ಣಿಟ್ಟಿದ್ದೆ. ಅತ್ತೆಯ ಹೊಟ್ಟೆಯ ಗಡ್ಡೆಗೆ ಸೋಮವಾರ ಆಪರೇಷನ್ ಎಂದು ನಿಗದಿಯಾಗಿತ್ತು. ಶುಕ್ರವಾರ ಬಂದ ಈಕೆ, "ಅಜ್ಜಿ ಹತ್ರ ಒಬ್ಬಳೇ ಮಾತಾಡಬೇಕು" ಎಂದು ನನ್ನನ್ನೇ ಹೊರಗೆ ಕಳಿಸಿದಳು. ನಾನೇನು ಕಮ್ಮಿಯೇ? ಬಾಗಿಲಿಗೆ ಕಿವಿಗೊಟ್ಟು ನಿಂತೆ.

"ಅಜ್ಜಿ, ನಿಮಗೆ ಯಾವುದು ಮುಖ್ಯ? ಹೆಚ್ಚು ದಿನ ಬದುಕೋದಾ, ಇರೋಷ್ಟು ದಿನ ಓಡಾಡ್ಕೊಂಡು ಇರೋದಾ?"

ಒಳಗೆ ನುಗ್ಗಿದೆ. "ಏನಮ್ಮಾ, ಆಸ್ಪತ್ರೇಲಿ ಹಾಸಿಗೆ ಉಳಿಸೋಕೆ ನಿನ್ನ ಕಳಿಸಿದ್ದಾರಾ?"

ಅತ್ತೆಗೋ ನನ್ನ ಮೇಲೇ ಅನುಮಾನ. "ಇವಳನ್ನ ಕರೆಸಿದ್ದು ನೀನೇ ತಾನೇ? ನನ್ನ ಚಾಕರಿ ಮಾಡಿ ಸಾಕಾಯ್ತಾ?"

ನರ್ಸಮ್ಮ ಸಿಟ್ಟಾಗಲಿಲ್ಲ. "ನನ್ನ ನಂಬಬೇಡಿ, ಡಾಕ್ಟರನ್ನೇ ಕೇಳಿ. ಮಾಡಿಸಿದ್ರೆ ಏನು ಸಿಗುತ್ತೆ, ಏನು ಹೋಗುತ್ತೆ, ಮಾಡಿಸದಿದ್ರೆ ಏನಾಗುತ್ತೆ ಅಂತ. ಅದಿರಲಿ, ಒಪ್ಪಿಗೆ ಕೊಟ್ಟೋರು ಯಾರು?"

ಕೊಟ್ಟವನು ಮುಂದಿನ ಕೋಣೆಯಲ್ಲಿ ಅಂಗಿಗೆ ಗುಂಡಿಯ ಕಾಜ ಹೊಲಿಯುತ್ತಿದ್ದ ನನ್ನ ಗಂಡ. ಅತ್ತೆಗೆ "ಸಣ್ಣ ಆಪರೇಷನ್" ಎಂದಷ್ಟೇ ಹೇಳಿದ್ದೆವು. ಅತ್ತೆ ಮಗನನ್ನು ಕೂಗಿ ಕರೆದರು.

"ಐವತ್ತು ವರ್ಷ ಹೊಲಿದಿದ್ದೀನಿ. ತೊಡೋರನ್ನ ಕೇಳದೆ ಒಂದು ತೋಳಿಗೂ ಕತ್ತರಿ ಹಾಕಿಲ್ಲ. ನಿನಗೂ ಹಾಗೇ ಕಲಿಸಿದ್ದೆ. ನನ್ನ ಹೊಟ್ಟೆ ಅಂದ್ರೆ ಬಟ್ಟೆಗಿಂತ ಕಡೆಯಾಯ್ತೇನೋ?"

ಗಂಡ ಕೈಯಲ್ಲಿದ್ದ ಸೂಜಿಯನ್ನು ಅಂಗಿಗೆ ಚುಚ್ಚಿಟ್ಟ.

ಮರುದಿನ ಮೂವರೂ ಡಾಕ್ಟರ ಬಳಿ ಹೋದೆವು. ಪ್ರಶ್ನೆ ಕೇಳಿದ್ದು ಅತ್ತೆಯೇ.

"ಮಾಡಿಸಿದ್ರೆ ಮತ್ತೆ ಹೊಲಿತೀನಾ?"

"ಒಂದು ವರ್ಷ ಹೆಚ್ಚು ಸಿಗಬಹುದು, ಅಜ್ಜಿ. ಆದ್ರೆ ನಿಮ್ಮ ಹೃದಯ ದುರ್ಬಲ. ಹಾಸಿಗೆಯಿಂದ ಏಳ್ತೀರಿ ಅಂತ ಮಾತು ಕೊಡಲಾರೆ."

"ಮಾಡಿಸದಿದ್ರೆ?"

"ದಿನ ಕಮ್ಮಿಯಾಗಬಹುದು. ನೋವಿಗೆ ಔಷಧ ಕೊಡ್ತೀವಿ. ಕೈ ಬಿಡಲ್ಲ."

ಅತ್ತೆ ತಮ್ಮ ಬೆರಳುಗಳನ್ನು ನೋಡಿಕೊಂಡರು. "ಬೇಡ ಬಿಡಿ. ಕೂತು ಹೊಲಿಯೋಷ್ಟು ದಿನ ಸಿಕ್ಕಿದ್ರೆ ಸಾಕು."

ಗಂಡ ಅಲ್ಲೇ ಅತ್ತುಬಿಟ್ಟ. "ಕೇಳಿದ್ರೆ ನೀನು ಬೇಡ ಅಂತೀಯ ಅಂತ ಗೊತ್ತಿತ್ತಮ್ಮಾ. ಅದಕ್ಕೇ ಕೇಳಲಿಲ್ಲ."

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯ ಹಿರಿಯರು ಬೇಡ ಎನ್ನಬಹುದು, ಮಾಡಿಸಿ ಎಂದೂ ಹಟ ಹಿಡಿಯಬಹುದು. ಎರಡೂ ಅವರ ಹಕ್ಕು. ಡಾಕ್ಟರ ಮುಂದೆ ಅವರನ್ನೇ ಕೂರಿಸಿ, ಲಾಭ ನಷ್ಟ ಎರಡನ್ನೂ ಬಿಡಿಸಿ ಹೇಳಿಸಿ. ಅವರಿಗೆ ಏನು ಬೇಕೆಂದು ಇವತ್ತೇ ಕೇಳಿ, ಬಾಯಲ್ಲಿ ಮಾತಿರುವಾಗಲೇ ಕೇಳಿ. ನಾವು ಕೇಳದೆ ಇದ್ದದ್ದೂ ಪ್ರೀತಿಯಿಂದಲೇ, ಆದರೂ ಅದು ತಪ್ಪೇ.