ಮುಚ್ಚಳದ ಒಳಗಿನ ತಾರೀಖು

ನನ್ನ ಅಂಗಡಿಗೆ ಬರುವವರಲ್ಲಿ ಮುಕ್ಕಾಲು ಪಾಲು ಜನ ರೋಗವನ್ನೂ ತಾವೇ ಹೇಳಿ, ಔಷಧವನ್ನೂ ತಾವೇ ಬರೆದುಕೊಂಡು ಬಂದಿರುತ್ತಾರೆ. ನಾನು ಬರೀ ಸ್ಕ್ರೂ ಬಿಚ್ಚಿದರೆ ಸಾಕು. ಭೂಗೋಳದ ಮೇಡಂ ಕೂಡ ಹಾಗೆಯೇ ಬಂದರು. ಸ್ಕೂಲಿನಿಂದ ನಿವೃತ್ತರಾಗಿ ನಾಲ್ಕು ವರ್ಷವಾದರೂ ಕನ್ನಡಕದ ಮೇಲಿಂದ ನೋಡುವ ಆ ನೋಟ ಹೋಗಿಲ್ಲ. ಲ್ಯಾಪ್‌ಟಾಪನ್ನು ನನ್ನ ಮೇಜಿನ ಮೇಲಿಟ್ಟು, ಟಚ್‌ಪ್ಯಾಡ್ ಸತ್ತಿದೆ, ಡ್ರೈವರ್ ಹಾಳಾಗಿರಬೇಕು ಎಂದು ತಂಗಿಯ ಮಗ ಫೋನಿನಲ್ಲಿ ಹೇಳಿದ್ದಾನೆ, ಹತ್ತು ನಿಮಿಷದ ಕೆಲಸವಂತೆ, ಕೂತಿರುತ್ತೇನೆ ಎಂದರು. ಇರುವುದೊಂದೇ ಸ್ಟೂಲು. ಅದರ ಮೇಲೆ ಕೂತೇಬಿಟ್ಟರು.

ಮೆಟ್ಟಿಲ ಕೆಳಗಿನ ಅಂಗಡಿ ನನ್ನದು. ನೆಟ್ಟಗೆ ನಿಂತರೆ ತಲೆ ತಾಗುತ್ತದೆ. ಮೇಲೆ ಯಾರಾದರೂ ಹತ್ತಿ ಇಳಿದರೆ ತಟ್ಟೆಯಲ್ಲಿನ ಸ್ಕ್ರೂಗಳು ಕುಣಿಯುತ್ತವೆ. ಐದು ವರ್ಷದ ಹಿಂದೆ ನಾನು ಕೂರುತ್ತಿದ್ದದ್ದು ದೊಡ್ಡ ರಸ್ತೆಯ ಮೂಲೆಯಲ್ಲಿ, ಅಪ್ಪ ಕಟ್ಟಿದ ಅಂಗಡಿಯಲ್ಲಿ, ಅಣ್ಣನ ಪಕ್ಕದ ಕುರ್ಚಿಯಲ್ಲಿ. ಅಲ್ಲಿಂದ ನನ್ನನ್ನು ಕಳ್ಳಿ ಎಂದು ಹೊರಗೆ ಹಾಕಿದರು. ಒಂದೇ ತಿಂಗಳಲ್ಲಿ ಮೂವರು ಗಿರಾಕಿಗಳು, ನಮ್ಮ ಅಸಲಿ ಬ್ಯಾಟರಿ ತೆಗೆದುಕೊಂಡು ಯಾವುದೋ ನಕಲಿ ಹಾಕಿದ್ದೀರಿ ಎಂದು ಜಗಳಕ್ಕೆ ಬಂದಿದ್ದರು. ಮೂರನೆಯವನು ಕೂಗಾಡುತ್ತಿದ್ದಾಗ ಅಣ್ಣ, ಅಂಗಡಿ ತುಂಬ ಜನರ ಎದುರು, ನನ್ನ ಕಡೆ ಕೈ ತೋರಿಸಿ ಇದೆಲ್ಲ ಇವಳದೇ ಕೆಲಸ ಎಂದುಬಿಟ್ಟ. ಆ ಮೂರು ಲ್ಯಾಪ್‌ಟಾಪುಗಳನ್ನೂ ನಾವಿಬ್ಬರೂ ಬಿಚ್ಚಿದ್ದೆವು. ನಾನು ಬಾಯಿ ಬಡಿದುಕೊಂಡೆ. ಕೇಳುವವರು ಯಾರು?

ಊರಿನವರು ಏನಂದರೂ ನನಗೆ ಅಷ್ಟು ಲೆಕ್ಕಕ್ಕಿರಲಿಲ್ಲ. ಅಮ್ಮ ಏನೂ ಅನ್ನಲಿಲ್ಲವಲ್ಲ, ಅದು ನನ್ನನ್ನು ತಿಂದುಹಾಕಿತು. ಅವತ್ತು ಮನೆಗೆ ಹೋಗಿ ಅವಳ ಮುಂದೆ ನಿಂತು, ನಾನು ತೆಗೆದಿಲ್ಲಮ್ಮ ಎಂದೆ. ಅವಳು ಬಟ್ಟೆ ಮಡಚುತ್ತಲೇ ಇದ್ದಳು. ಆಗಿದ್ದು ಆಯಿತು, ಇನ್ನು ಅದರ ಸುದ್ದಿ ಬೇಡ ಎಂದಳು, ಅಷ್ಟೆ. ಐದು ವರ್ಷ ನಾನು ಅದೊಂದನ್ನೇ ಅಗಿದಿದ್ದೇನೆ. ಹೊಟ್ಟೆಪಾಡು ಹೇಗೋ ನಡೆಯಿತು, ಗಿರಾಕಿಗಳೂ ಒಬ್ಬೊಬ್ಬರಾಗಿ ಬಂದರು. ಆದರೆ ನೀನು ಕಳ್ಳಿಯಲ್ಲ ಅನ್ನುವ ಮಾತು ಅಮ್ಮನ ಬಾಯಿಂದ ಒಂದೇ ಒಂದು ಸಲ ಬರಬೇಕಿತ್ತು. ಅದಕ್ಕಾಗಿ ನಾನು ಏನು ಬೇಕಾದರೂ ಕೊಡುತ್ತಿದ್ದೆ.

ಇರಲಿ, ಮೇಡಂ ವಿಷಯಕ್ಕೆ ಬರುತ್ತೇನೆ. ಮೊದಲು ಮಾಡುವುದನ್ನೆಲ್ಲ ಮಾಡಿದೆ. ಆಫ್ ಮಾಡಿ ಆನ್ ಮಾಡಿದೆ. ಕೀಬೋರ್ಡಿನ ಮೇಲಿನ ಸಾಲಿನಲ್ಲಿ ಟಚ್‌ಪ್ಯಾಡಿನ ಚಿತ್ರವಿರುವ ಕೀ ಒಂದಿರುತ್ತದೆ. ಕೈತಪ್ಪಿ ಅದನ್ನು ಒತ್ತಿ, ಅಯ್ಯೋ ಹಾಳಾಯಿತು ಎಂದು ಓಡಿ ಬರುವವರು ವಾರಕ್ಕೆ ಇಬ್ಬರಾದರೂ ಉಂಟು. ಅದನ್ನೂ ಒತ್ತಿ ನೋಡಿದೆ. ಒಣ ಬಟ್ಟೆಯಿಂದ ಒರೆಸಿದೆ. ಮೌಸ್ ಸಿಕ್ಕಿಸಿದರೆ ಕರ್ಸರ್ ಚೆನ್ನಾಗಿಯೇ ಓಡಾಡಿತು. ಸೆಟ್ಟಿಂಗ್ಸ್‌ನಲ್ಲೂ ತೊಂದರೆ ಇರಲಿಲ್ಲ. ತಂಗಿಯ ಮಗನ ಮರ್ಯಾದೆ ಉಳಿಯಲಿ ಎಂದು ಡ್ರೈವರ್ ಸಾಫ್ಟ್‌ವೇರನ್ನೂ ತೆಗೆದು ಮತ್ತೆ ಹಾಕಿದೆ. ಊಹೂಂ. ಮೇಡಂ ಒಂದೊಂದಕ್ಕೂ, ಅದನ್ನ ಅವನು ಆಗಲೇ ಮಾಡಿಸಿದ್ದ ಎನ್ನುತ್ತಿದ್ದರು. ಹಾಗಾದರೆ ಅವನ ಹತ್ತಿರವೇ ಹೋಗಬಹುದಿತ್ತಲ್ಲ ಎಂದು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ.

ಆಮೇಲೆ ಟಚ್‌ಪ್ಯಾಡಿನ ಅಂಚನ್ನು ಬೆರಳಿನಿಂದ ಸವರಿದೆ. ಒಂದು ಕಡೆ ಎದ್ದಿತ್ತು. ಒತ್ತಿದರೆ ಟಿಕ್ ಎನ್ನಬೇಕಾದದ್ದು ಕಲ್ಲಿನಂತೆ ಗಟ್ಟಿಯಾಗಿತ್ತು. ಮುಚ್ಚಿ ಮೇಜಿನ ಮೇಲಿಟ್ಟು ಮೂಲೆ ಒತ್ತಿದರೆ ಇಡೀ ಲ್ಯಾಪ್‌ಟಾಪು ಕುಂಟು ಮಣೆಯ ಹಾಗೆ ಅಲ್ಲಾಡಿತು. ಡ್ರೈವರೂ ಅಲ್ಲ, ಗೀವರೂ ಅಲ್ಲ. ಒಳಗೆ ಬ್ಯಾಟರಿ ಉಬ್ಬಿ ಟಚ್‌ಪ್ಯಾಡನ್ನು ಕೆಳಗಿನಿಂದ ಒತ್ತುತ್ತಿತ್ತು. ಹೀಗೇ ಚಾರ್ಜಿಗೆ ಹಾಕುತ್ತಾ ಹೋದರೆ ಒಂದು ದಿನ ಬೆಂಕಿ ಹತ್ತಬಹುದು ಎಂದು ಮೇಡಂಗೆ ಹೇಳಿದೆ. ಅವರು ಸ್ಟೂಲನ್ನು ಒಂದು ಗೇಣು ಹಿಂದಕ್ಕೆ ಎಳೆದುಕೊಂಡರು.

ಹತ್ತು ಸ್ಕ್ರೂ ಬಿಚ್ಚಿ, ಪ್ಲಾಸ್ಟಿಕ್ ಪಟ್ಟಿಯಿಂದ ಸುತ್ತಲೂ ಎಬ್ಬಿಸಿ, ಕೆಳಮುಚ್ಚಳ ತೆಗೆದೆ. ಬ್ಯಾಟರಿ ದಿಂಬಿನಂತೆ ಉಬ್ಬಿಕೊಂಡಿತ್ತು. ಅದರ ಮೇಲೆ ಕಂಪನಿಯ ಹೆಸರಿರಲಿಲ್ಲ. ಒಂದು ಹಳದಿ ಚೀಟಿ, ಅದರ ಮೇಲೆ ಓರೆಯಾಗಿ ಅಚ್ಚಾದ ಅಂಕಿಗಳು. ಇಂಥದೇ ಮೂರನ್ನು ಐದು ವರ್ಷದ ಹಿಂದೆ ನನ್ನ ಮುಖದ ಮುಂದೆ ಹಿಡಿದಿದ್ದರು. ಕತ್ತಲಲ್ಲಿ ಕೊಟ್ಟರೂ ಗುರುತು ಹಿಡಿಯುತ್ತೇನೆ. ಉಸಿರು ಬಿಗಿಹಿಡಿದು ತಂತಿ ಕಳಚಿ, ಅದಕ್ಕೆ ಗೀರು ಬೀಳದ ಹಾಗೆ ಎತ್ತಿ, ಬಾಗಿಲ ಹತ್ತಿರದ ಮರಳಿನ ಡಬ್ಬಿಯಲ್ಲಿಟ್ಟೆ.

ಆಮೇಲೆ ಮುಚ್ಚಳವನ್ನು ಮಗುಚಿ ನೋಡಿದೆ. ಅಪ್ಪನ ಕಾಲದಿಂದ ನಮ್ಮ ಅಂಗಡಿಯಲ್ಲಿ ಒಂದು ಕಟ್ಟುನಿಟ್ಟು: ಯಾರು ಬಿಚ್ಚುತ್ತಾರೋ ಅವರು ಮುಚ್ಚಳದ ಒಳಮೈ ಮೇಲೆ ಮಾರ್ಕರಿನಲ್ಲಿ ತಾರೀಖು ಬರೆದು ಪಕ್ಕದಲ್ಲಿ ತಮ್ಮ ಗುರುತು ಹಾಕಬೇಕು. ನನ್ನದು ಸೊನ್ನೆ, ಅಣ್ಣನದು ಎರಡು ಅಡ್ಡಗೆರೆ. ಗಿರಾಕಿಗೆ ಕಾಣುವುದಿಲ್ಲ, ನಮಗೆ ಗೊತ್ತಿದ್ದರೆ ಸಾಕು. ಆ ಮೂರು ಲ್ಯಾಪ್‌ಟಾಪುಗಳಲ್ಲಿ ಇಬ್ಬರ ಗುರುತೂ ಇದ್ದದ್ದರಿಂದಲೇ ನನಗೆ ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಇದರಲ್ಲಿ ಇದ್ದದ್ದು ಒಂದೇ ತಾರೀಖು, ಎರಡು ಅಡ್ಡಗೆರೆ. ನನ್ನನ್ನು ಹೊರಗೆ ಹಾಕಿದ ತಾರೀಖು ನನಗೆ ನನ್ನ ಹುಟ್ಟುಹಬ್ಬಕ್ಕಿಂತ ಚೆನ್ನಾಗಿ ನೆನಪಿದೆ. ಇದು ಅದಾಗಿ ಎರಡು ತಿಂಗಳು ಹನ್ನೊಂದು ದಿನಕ್ಕೆ ಬರೆದದ್ದು.

ಇದನ್ನು ಮೊದಲು ಬಿಚ್ಚಿದ್ದು ಯಾರು ಎಂದು ಮೇಡಂ ಅವರನ್ನು ಕೇಳಿದೆ. ಮೂಲೆ ಅಂಗಡಿಯವರು, ಒಂದೇ ಸಲ, ಕೀಬೋರ್ಡಿನ ಮೇಲೆ ನೀರು ಚೆಲ್ಲಿದ್ದಾಗ ಎಂದರು.

"ಬ್ಯಾಟರಿ ಬದಲಾಯಿಸಿ ಅಂತ ಹೇಳಿದ್ರಾ ಮೇಡಂ?"

"ಬ್ಯಾಟರಿ ಮಾತೇ ಬರಲಿಲ್ಲವಲ್ಲಮ್ಮ. ಆಗ ತಗೊಂಡು ಒಂದು ವರ್ಷ ಆಗಿತ್ತಷ್ಟೆ. ಆಮೇಲೆ ಬೇರೆ ಯಾರ ಕೈಗೂ ಕೊಟ್ಟಿಲ್ಲ."

ಒಳ್ಳೆಯ ಬ್ಯಾಟರಿ ತರಿಸಿ ಹಾಕಿಕೊಡುತ್ತೇನೆ, ನಾಳೆ ಬನ್ನಿ ಎಂದು ಅವರನ್ನು ಕಳಿಸಿದೆ. ಮುಚ್ಚಳದ ಫೋಟೋ ತೆಗೆದೆ, ಡಬ್ಬಿಯಲ್ಲಿದ್ದ ಬ್ಯಾಟರಿಯದೂ ತೆಗೆದೆ. ಬೆಳಗ್ಗೆ ಹನ್ನೊಂದಕ್ಕೇ ಶಟರ್ ಎಳೆದು ಅಮ್ಮನ ಹತ್ತಿರ ಹೊರಟೆ. ಅಮ್ಮ ಇರುವುದು ಅಣ್ಣನ ಮನೆಯಲ್ಲಿ. ಆ ಹೊತ್ತಿಗೆ ಅಣ್ಣ ಅಂಗಡಿಯಲ್ಲಿರುತ್ತಾನೆ. ದಾರಿಯುದ್ದಕ್ಕೂ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ? ಅಮ್ಮ ಫೋಟೋ ನೋಡುತ್ತಾಳೆ, ಅಳುತ್ತಾಳೆ, ನನ್ನ ಕೈ ಹಿಡಿದುಕೊಳ್ಳುತ್ತಾಳೆ, ನಾನು ಹೋಗಲಿ ಬಿಡಮ್ಮ ಎನ್ನುತ್ತೇನೆ. ಅಣ್ಣನಿಗೆ ಏನು ಹೇಳಬೇಕೆಂಬುದನ್ನೂ ಜೋಡಿಸಿಕೊಂಡಿದ್ದೆ. ಎಲ್ಲ ಬೈಗುಳವೇ.

ಬಾಗಿಲು ತೆಗೆದದ್ದು ಅತ್ತಿಗೆ. ಬಾ ಎಂದರು. ಹಾಗೆನ್ನುತ್ತಲೇ ಟೀಪಾಯಿಯ ಮೇಲಿದ್ದ ತಮ್ಮ ಪರ್ಸನ್ನು ಎತ್ತಿಕೊಂಡು ಅಡುಗೆಮನೆಗೆ ಹೋದರು. ನಾನು ಬಂದಾಗಲೆಲ್ಲ ಹೀಗೆಯೇ. ಮೈ ಉರಿದುಹೋಗುತ್ತದೆ. ಇವತ್ತು ಮಾತ್ರ, ಇರಿ, ನಿಮಗೂ ತೋರಿಸುತ್ತೇನೆ ಎಂದುಕೊಂಡೆ.

ಅಮ್ಮ ಕಿಟಕಿಯ ಬಳಿ ಕೂತು ಮೊಮ್ಮಗನ ಯೂನಿಫಾರ್ಮ್ ಶರ್ಟಿಗೆ ಗುಂಡಿ ಹೊಲಿಯುತ್ತಿದ್ದಳು. ಪಕ್ಕದಲ್ಲಿ ಕೂತು ಫೋನ್ ಅವಳ ಕೈಗೆ ಕೊಟ್ಟೆ. ಬ್ಯಾಟರಿ ತೋರಿಸಿದೆ, ಎರಡು ಅಡ್ಡಗೆರೆ ತೋರಿಸಿದೆ, ತಾರೀಖನ್ನು ದೊಡ್ಡದು ಮಾಡಿ ತೋರಿಸಿದೆ. ಮೇಡಂ ಹೇಳಿದ್ದನ್ನೂ ಒಂದಕ್ಷರ ಬಿಡದೆ ಹೇಳಿದೆ. ಅವಳು ಫೋನನ್ನು ದೂರ ಹಿಡಿದು ನೋಡಿ ನನಗೆ ವಾಪಸು ಕೊಟ್ಟಳು. ಮತ್ತೆ ಸೂಜಿ ಕೈಗೆತ್ತಿಕೊಂಡಳು.

"ಅಣ್ಣನೇ ಹಾಕಿದ್ದಮ್ಮ. ನಾನು ಅಂಗಡಿ ಬಿಟ್ಟ ಮೇಲೆ. ಅರ್ಥ ಆಯ್ತಾ?"

"ನೀನಲ್ಲ ಅಂತ ನಂಗೊತ್ತಿತ್ತು ಕಣೇ."

ಯಾವಾಗಿನಿಂದ ಎಂದು ಕೇಳಿದೆ. ಅವಳು ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದಳು. ಅಣ್ಣ ಜನರೆದುರು ನನ್ನ ಕಡೆ ಕೈ ತೋರಿಸಿದ್ದಕ್ಕೆ ಹಿಂದಿನ ದಿನವೇ ಬಂದು ಅವಳ ಮುಂದೆ ಎಲ್ಲ ಒಪ್ಪಿಕೊಂಡಿದ್ದನಂತೆ. ಅಸಲಿ ಬ್ಯಾಟರಿಗಳನ್ನು ಮಾರಿಕೊಂಡಿದ್ದನಂತೆ. ಇಬ್ಬರಿಗೆ ಗೊತ್ತಾಗಿದೆ, ಮೂರನೆಯವನು ನಾಳೆ ಬರುತ್ತಾನೆ, ಅಂಗಡಿ ಮುಚ್ಚಬೇಕಾಗುತ್ತದೆ, ಸಾಯುವುದೊಂದೇ ದಾರಿ ಎಂದು ಅತ್ತನಂತೆ.

"ತಂಗಿ ಮೇಲೆ ಹಾಕು ಅಂತ ನಾನೇ ಹೇಳ್ದೆ," ಎಂದಳು ಅಮ್ಮ.

ಅವಳು ಹೇಳುತ್ತಲೇ ಇದ್ದಳು, ಸೂಜಿಯೂ ನಡೆಯುತ್ತಲೇ ಇತ್ತು. ಅವನಿಗೆ ಒಂದು ಮಗುವಿತ್ತು, ಇನ್ನೊಂದು ಹೊಟ್ಟೆಯಲ್ಲಿತ್ತು. ಅಂಗಡಿ ಹೋಗಿದ್ದರೆ ಎಲ್ಲರೂ ಬೀದಿಗೆ ಬೀಳುತ್ತಿದ್ದರು. ಅವನಿಗೆ ಧೈರ್ಯ ಮೊದಲಿನಿಂದಲೂ ಕಡಿಮೆ. ನೀನು ಹಾಗಲ್ಲ, ನಿನ್ನ ಕೈಯಲ್ಲಿ ಕೆಲಸವಿತ್ತು, ಎಲ್ಲಿ ಬಿಸಾಕಿದರೂ ಬದುಕುತ್ತೀಯ ಅಂತ ಗೊತ್ತಿತ್ತು. ಈಗ ಹೋಗಿ ಅಣ್ಣನನ್ನು ಏನೂ ಕೇಳಬೇಡ, ಅವನಿಗೆ ಬಿಪಿ ಇದೆ ಎಂದೂ ಸೇರಿಸಿದಳು.

ಜೋಡಿಸಿಕೊಂಡು ಬಂದಿದ್ದ ಬೈಗುಳದಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಅವೆಲ್ಲ ಅಣ್ಣನಿಗೆಂದು ಇಟ್ಟದ್ದು, ಅಮ್ಮನಿಗೆಂದು ಏನನ್ನೂ ತಂದಿರಲಿಲ್ಲ.

"ಬದುಕಿದೆ ಅಮ್ಮ," ಎಂದೆ. "ನೀನು ಒಂದಲ್ಲ ಒಂದಿನ ನನ್ನ ನಂಬ್ತೀಯ ಅಂತ ಕಾಯ್ತಾ ಬದುಕಿದೆ."

ಅವಳು ಹೊಲಿಗೆ ನಿಲ್ಲಿಸಿ ನನ್ನನ್ನು ನೋಡಿದಳು. ನಿಜಕ್ಕೂ ಆಶ್ಚರ್ಯಪಟ್ಟಿದ್ದಳು.

"ನಂಬದೇ ಇದ್ದಿದ್ರೆ ನಾನು ನಿನ್ನ ಮೇಲೆ ಹಾಕು ಅಂತಿದ್ನಾ?"

ಆಮೇಲೆ ದಾರ ಕಡಿದು, ಇನ್ನೊಂದು ಗುಂಡಿ ತೆಗೆದುಕೊಂಡಳು. ಕಣ್ಣು ಸರಿಯಾಗಿ ಕಾಣುವುದಿಲ್ಲ, ಇದಕ್ಕೊಂದು ದಾರ ಪೋಣಿಸಿಕೊಡು ಎಂದು ಸೂಜಿಯನ್ನು ನನ್ನ ಕಡೆ ಚಾಚಿದಳು. ಬೇರೆ ಯಾರಾದರೂ ಆಗಿದ್ದರೆ ಅದನ್ನು ಕಿಟಕಿಯಿಂದಾಚೆ ಎಸೆದು ಹೋಗುತ್ತಿದ್ದರು. ನಾನು ಒಂದೇ ಸಲಕ್ಕೆ ಪೋಣಿಸಿಕೊಟ್ಟೆ.