ಬ್ಯಥಾ ನೇಯಿ

"ಕುಡ್ದು ಬಂದಿದ್ದೀಯನಾ, ಹಲ್ಕಟ್? ಒಂದು ಸೌಟು ಹಿಡೀಲಿಕ್ಕೆ ಬರ್ದವ ಕಲ್ಕತ್ತೆಗೆ ಎಂತ ಮಾಡ್ಲಿಕ್ಕೆ ಬಂದದ್ದು?"

ರಘುರಾಮ ಮಾವ ಹೀಗೆ ಕೂಗಿದ್ದು ಸಾಲ್ಟ್ ಲೇಕಿನ ಸಾಫ್ಟ್‌ವೇರ್ ಆಫೀಸೊಂದರ ಊಟದ ಹಾಲಿನಲ್ಲಿ. ಕೊರಳಿಗೆ ಕಾರ್ಡು ನೇತುಹಾಕಿಕೊಂಡವರು ತಟ್ಟೆ ಹಿಡಿದು ಸಾಲಾಗಿ ನಿಂತಿದ್ದರು. ಕನ್ನಡ ಬರದಿದ್ದರೂ ಬೈಗುಳ ಎಲ್ಲರಿಗೂ ಅರ್ಥವಾಯಿತು. ಒಬ್ಬಳು ಚಪ್ಪಲಿಯ ಮೇಲೆ ಬಿದ್ದ ಸಾಂಬಾರು ಒರೆಸಿಕೊಳ್ಳುತ್ತಿದ್ದಳು. ಸೌಟು ಕೈಯಿಂದ ಯಾವಾಗ ಜಾರಿತೋ ನನಗೆ ಗೊತ್ತಾಗಿರಲಿಲ್ಲ.

ಶಾಲೆ ಅರ್ಧಕ್ಕೆ ಬಿಟ್ಟು ಬಂದವನು ನಾನು. ಲೇಕ್ ಮಾರ್ಕೆಟ್ಟಿನ ಮಾವನ ಅಡುಗೆಮನೆಯಿಂದ ಪಾತ್ರೆಗಳನ್ನು ಹೊತ್ತು ವ್ಯಾನಿಗೆ ಏರಿಸುವುದು, ಇಳಿಸುವುದು, ಬಡಿಸುವುದು ನನ್ನ ಕೆಲಸ. ಹೊಸ ಆಫೀಸುಗಳು ಎದ್ದಂತೆಲ್ಲ ಪಾತ್ರೆಗಳು ದೊಡ್ಡದಾದವು. ಬೇಸಗೆಯಲ್ಲಿ ಕುತ್ತಿಗೆ ಹಿಡಿಯಿತು. ಬೆಂಕಿಯಂಥ ನೋವು ಭುಜದಿಂದ ಬೆರಳಿನವರೆಗೆ ಇಳಿಯುತ್ತಿತ್ತು. ಮಾವ ಪಕ್ಕದ ಬೀದಿಯ ಡಾಕ್ಟರಿಗೆ ತೋರಿಸಿದರು. ಅವರು ಕೇಳಿದ್ದು ಒಂದೇ ಮಾತು: "ಬ್ಯಥಾ ಆಛೇ?"

ಬಂಗಾಳಿ ನನಗೆ ಅಷ್ಟಕ್ಕಷ್ಟೆ. ವ್ಯಥೆ ಉಂಟಾ ಅಂತ ಕೇಳುತ್ತಿದ್ದಾರೆ ಅಂದುಕೊಂಡೆ. ನನ್ನ ದುಃಖ ಕಟ್ಟಿಕೊಂಡು ಇವರಿಗೇನು? ಸಿಟ್ಟಿನಲ್ಲಿ "ನೇಯಿ" ಅಂದೆ. ಇಲ್ಲ ಅಂತ. ಬಂಗಾಳಿಯಲ್ಲಿ ಬ್ಯಥಾ ಎಂದರೆ ನೋವು ಎಂದು ತಿಳಿದದ್ದು ಮುಲಾಮು ಹಿಡಿದು ಹೊರಗೆ ಬಂದ ಮೇಲೆ. ಅಂದಿನಿಂದ ಮಾವ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದರು: "ನೋವಿಲ್ಲಾಂತ ಡಾಕ್ಟ್ರ ಎದುರು ಇವನೇ ಹೇಳಿದ್ದು. ಈಗ ನಾಟಕ!"

ಆಮೇಲೆ ನೋವು ನಿಜಕ್ಕೂ ಹೋಯಿತು. ಜೊತೆಗೆ ಕೈಯೂ ಹೋಯಿತು. ಅಂಗಿಯ ಗುಂಡಿ ಬೆರಳಿಗೆ ಸಿಗುವುದಿಲ್ಲ. ಕಾವಲಿ ತಾಗಿ ಬೊಬ್ಬೆ ಎದ್ದರೆ ಬೇರೆಯವರು ತೋರಿಸಬೇಕು.

ನಿನ್ನೆ ಅಲಿಪುರದ ಆಸ್ಪತ್ರೆಯ ಡಾಕ್ಟರಮ್ಮ ಸ್ಕ್ಯಾನ್ ನೋಡಿ ಹಿಂದಿಯಲ್ಲಿ ಬಿಡಿಸಿ ಹೇಳಿದರು. ಕುತ್ತಿಗೆಯ ಮೂಳೆಗಳ ನಡುವಿನ ಡಿಸ್ಕು ಸವೆದು ಹಿಂದಕ್ಕೆ ಉಬ್ಬಿ ಬೆನ್ನುಹುರಿಯನ್ನು ಒತ್ತುತ್ತಿದೆ. ಅಲ್ಲಿ ಹತ್ತಿದ ಉರಿಯೂತ ಆರಿಲ್ಲ. ಅದು ಡಿಸ್ಕನ್ನೂ ತಿನ್ನುತ್ತಿದೆ, ಹುರಿಯನ್ನೂ ಕೆಡಿಸುತ್ತಿದೆ.

"ನೋವು ಹೋದದ್ದು ವಾಸಿಯಾಗಿ ಅಲ್ಲಪ್ಪ. ಹುರಿ ಸೋಲ್ತಾ ಇದೆ. ಕಳೆದುಹೋದದ್ದು ಪೂರ್ತಿ ವಾಪಸ್ ಬರುತ್ತೆ ಅಂತ ಹೇಳಲಾರೆ. ಬೇಗ ಆಪರೇಷನ್ ಆದರೆ ಇರೋದಾದರೂ ಉಳಿಯಬಹುದು. ಭಾರ ಹೊರಬೇಡ. ತಡ ಮಾಡದೆ ಬಂದು ಸೇರಿಕೋ."

ಬೆಳಿಗ್ಗೆ ಮಾವನಿಗೆ ಹೇಳಿದೆ. ಅವರು ಚಟ್ನಿಗೆ ಉಪ್ಪು ನೋಡುತ್ತಿದ್ದರು.

"ದುರ್ಗಾಪೂಜೆಯ ಆರ್ಡರೆಲ್ಲ ಮುಗೀಲಿ ಮಾರಾಯ. ನೋವೇ ಇಲ್ಲ, ಕುತ್ತಿಗೆ ಕೊಯ್ಸಿಕೊಳ್ಳುದು ಎಂತಕ್ಕೆ?"

ಈಗ ಎಲ್ಲರೆದುರು ನಿಂತು ಅವರು ಬಾಗಿಲ ಕಡೆ ಕೈ ತೋರಿಸಿದರು. "ಕಂಬದ ಹಾಗೆ ನಿಂತದ್ದೆಂತ? ವ್ಯಾನಲ್ಲಿ ಅನ್ನದ ಪಾತ್ರೆ ಉಂಟು. ಹೊತ್ಕೊಂಡು ಬಾ."

ಹೊಡೆಯಬೇಕೆನಿಸಿತು. ಮುಷ್ಟಿ ಕಟ್ಟಲು ನೋಡಿದೆ. ಬೆರಳುಗಳು ಅರ್ಧ ಮಡಚಿ ನಿಂತವು. ಸಿಟ್ಟು ಕೂಡ ಭುಜದವರೆಗೆ ಬಂದು ಅಲ್ಲೇ ಆರಿತು. ಏಪ್ರನ್ನಿನ ಗಂಟು ಬಿಚ್ಚಲಾಗಲಿಲ್ಲ. ಹಾಗೆಯೇ ಹೊರಟೆ. ನೆಲ ಹತ್ತಿಯ ಹಾಗಿತ್ತು. ಕಾಲು ನೋಡಿಕೊಂಡು ಇಡಬೇಕಾಯಿತು.

"ಸುಧನ್ವಾ! ಪಾತ್ರೆ ತರ್ಲಿಕ್ಕೆ ಹೋಗುದು ಅಲ್ವನಾ? ಏ, ನಿನ್ನನ್ನೇ ಕೇಳುದು!"

ವ್ಯಾನಿನ ಬಾಗಿಲು ತೆರೆದಿತ್ತು. ಅದನ್ನು ದಾಟಿ, ಅಲಿಪುರದ ಬಸ್ಸು ನಿಲ್ಲುವ ಕಡೆ ನಡೆದೆ.