ಎಳೆದರೆ ಬಿಚ್ಚುವ ಗಂಟು

ನನ್ನ ಗಂಡ ಎಲ್ಡನ್ ಕಡಲಿನವನು. ನೀಯಾ ಬೇಯಿಂದ ದೋಣಿ ಹೊರಡಿಸಿ, ದಡ ಕಾಣದಷ್ಟು ದೂರ ಹೋಗಿ ಸಾಲ್ಮನ್ ಮೀನು ಹಿಡಿಯುವವನು. ನನ್ನ ತಮ್ಮ ವರ್ನನ್ ಹಿಡಿಯುವುದು ನಮ್ಮ ಕ್ಲಿಕಿಟಾಟ್ ನದಿಯಲ್ಲಿ. ಬಂಡೆಗಳ ಸಂದಿಯಲ್ಲಿ ನೀರು ಕುದಿಯುವ ಕಡೆ, ಅಪ್ಪ ಕಟ್ಟಿದ ಮರದ ಅಟ್ಟದ ಮೇಲೆ ನಿಂತು, ಉದ್ದ ಕೋಲಿನ ಬಲೆಯಿಂದ. ಯಾವುದು ಕಷ್ಟವೆಂಬ ಅವರ ಜಗಳ ನಮ್ಮ ಮದುವೆಯಷ್ಟೇ ಹಳೆಯದು.

ಆ ಸೆಪ್ಟೆಂಬರಿನಲ್ಲಿ, ಅಮ್ಮ ಸತ್ತು ವರ್ಷ ತುಂಬಿದ ಊಟಕ್ಕೆ ಮೀನು ಬೇಕಿತ್ತು. ವರ್ನನ್‌ನ ಭುಜ ಉಳುಕಿತ್ತು. ಅವನ ಬದಲು ಎಲ್ಡನ್ ಅಟ್ಟಕ್ಕಿಳಿದ.

"ನಿಮ್ಮಲ್ಲಿ ಮೀನೇ ಬಾಗಿಲಿಗೆ ಬರುತ್ತೆ. ನಾವು ಹುಡುಕ್ಕೊಂಡು ಹೋಗ್ಬೇಕು," ಎಂದ.

"ಹೌದು ಭಾವ, ಕೂತ್ಕೊಂಡು ಕಾಫಿ ಕುಡೀತಾ ಹೋಗ್ಬೇಕು," ಎಂದ ವರ್ನನ್. "ಇಲ್ಲಿ ಒಂದೇ ಮಾತು. ದೊಡ್ಡದು ಬಿದ್ದು ಎಳೆದ್ರೆ ಬಲೆ ಬಿಟ್ಬಿಡಿ. ಬಲೆ ಇನ್ನೊಂದು ಹೆಣೀಬಹುದು."

"ಕೈಗೆ ಸಿಕ್ಕಿದ್ದನ್ನ ಬಿಡೋದು ನಮ್ಮಪ್ಪ ಕಲಿಸ್ಲಿಲ್ಲ ಕಣೋ."

ಅಟ್ಟದ ಹಿಂದಿನ ಬಂಡೆಗೆ ಬಿಗಿದ ಹಗ್ಗದ ತುದಿಯನ್ನು ಎಲ್ಡನ್ ತಾನೇ ಸೊಂಟಕ್ಕೆ ಕಟ್ಟಿಕೊಂಡು ಬಲೆ ಇಳಿಸಿದ. ನಾನು ದಡದಲ್ಲಿ ಕೂತು ಅವನ ಕೈಗಳನ್ನೇ ನೋಡುತ್ತಿದ್ದೆ. ಗಂಟಿನ ಪಕ್ಕದಲ್ಲಿ ಒಂದು ಕುಣಿಕೆ ಸಡಿಲವಾಗಿ ಉಳಿದಿತ್ತು.

"ಅದು ದೋಣಿ ಗಂಟು," ಎಂದೆ. "ಎಳೆದ್ರೆ ಬಿಚ್ಕೊಳುತ್ತೆ."

"ಬಿಚ್ಕೊಳ್ಳದೆ ಇದ್ದಿದ್ರೆ ನೀನು ಯಾವತ್ತೋ ವಿಧವೆ ಆಗ್ತಿದ್ದೆ. ಕಡಲಲ್ಲಿ ಹಗ್ಗ ಕಾಲಿಗೆ ಸುತ್ಕೊಂಡವರು ಮೇಲೆ ಬರಲ್ಲ."

"ಇದು ಕಡಲಲ್ಲ, ಭಾವ," ಎಂದ ವರ್ನನ್. ಅವನ ದನಿಯಲ್ಲಿ ತಮಾಷೆ ಇರಲಿಲ್ಲ. "ಇಲ್ಲಿ ಹಗ್ಗಾನೇ ಜೀವ. ಬಿಗಿಯಾಗಿ ಕಟ್ಕೊಳ್ಳಿ."

"ಆಯ್ತು ಮಾರಾಯ, ಅಕ್ಕ ತಮ್ಮ ಸೇರಿ ತಲೆ ತಿನ್ಬೇಡಿ. ಇದೊಂದು ಮೀನು ಎತ್ತಿ ಕಟ್ಕೋತೀನಿ."

ಬಲೆಯ ಕೋಲು ಆಗಲೇ ನಡುಗುತ್ತಿತ್ತು. ನಾನು ಎದ್ದು ಅಟ್ಟದ ಕಡೆ ನಡೆದೆ, ನಾನೇ ಕಟ್ಟಿಬಿಡೋಣವೆಂದು. ಒದ್ದೆ ಹಲಗೆಯ ಮೇಲೆ ಕಾಲಿಡುವಷ್ಟರಲ್ಲಿ ಕೋಲು ಒಮ್ಮೆಲೇ ಕೆಳಗೆ ಜಗ್ಗಿತು.

"ಬಿಡಿ ಭಾವ, ಬಲೆ ಬಿಡಿ."

ಎಲ್ಡನ್ ಬಿಡಲಿಲ್ಲ. ಎರಡೂ ಕೈಗಳಲ್ಲಿ ಕೋಲನ್ನು ತಬ್ಬಿಕೊಂಡೇ ನೀರಿಗೆ ಹೋದ. ಹಗ್ಗ ಬಿಗಿಯಿತು, ಗಂಟು ಅವನು ಕಟ್ಟಿದ ಹಾಗೆಯೇ ಕೆಲಸ ಮಾಡಿತು. ವರ್ನನ್ ಒಂದೇ ಕೈಯಲ್ಲಿ ಎಳೆದಾಗ ಹಗ್ಗ ಹಗುರಾಗಿ ಮೇಲೆ ಬಂತು.

ನದಿ ಮನುಷ್ಯನನ್ನು ತೆಗೆದುಕೊಂಡರೆ, ಅವನು ಸಿಗುವತನಕ ನಮ್ಮವರು ಬಲೆ ಇಳಿಸುವುದಿಲ್ಲ. ಕೂಗು ಅಟ್ಟದಿಂದ ಅಟ್ಟಕ್ಕೆ ದಾಟಿತು. ಎರಡೂ ದಡಗಳಲ್ಲಿ ಬಲೆಗಳು ಒಂದೊಂದಾಗಿ ನೀರಿನಿಂದ ಮೇಲೆದ್ದವು.

ಕೆಳಗಿನ ತಿರುವಿನಲ್ಲಿ ನಮ್ಮ ಬಲೆ ಬಂಡೆಗೆ ಸಿಕ್ಕಿಕೊಂಡಿತ್ತು. ಒಳಗೆ ಮೀನು ಇನ್ನೂ ಒದ್ದಾಡುತ್ತಿತ್ತು. ಯಾರೂ ಅದನ್ನು ಮುಟ್ಟಲಿಲ್ಲ.